ವಿರೋಧ, ಆಭಾಸ ಮತ್ತು ಒಂದು ಹಲಸಿನ ಮರ

ನನ್ನ ಜೀವಮಾನದಲ್ಲಿ ನಾನು ಸಾಕ್ಷಿಯ ಕಟಕಟೆಯನ್ನು ಹತ್ತಿದ್ದು ಒಂದೇ ಒಂದು ಸಲ. 1968ನೆಯ ಇಸವಿ, ನನಗಾಗ ಇಪ್ಪತ್ತೆರಡು ವರ್ಷ. ನಮ್ಮ ದೊಡ್ಡಮ್ಮನ ಮನೆಯ ಹಿತ್ತಲಿನ ಒಂದು ತುಂಡು ನೆಲದ ಮೇಲೆ ನೆರೆಯವರು ಹಕ್ಕು ಸಾಧಿಸಿ ದಾವಾ ಹೂಡಿದ್ದರು. ದೊಡ್ಡಮ್ಮ ವಿಧವೆ, ಮಕ್ಕಳಿಲ್ಲದವಳು. ಕಾಗದಪತ್ರ ಬರೆಯುವುದು, ಕಛೇರಿಗೆ ಅಲೆಯುವುದು ಎಲ್ಲ ನನ್ನ ಪಾಲಿಗೆ ಬಂದ ಕೆಲಸ. ಆದ್ದರಿಂದ ಸಾಕ್ಷಿ ಹೇಳುವ ಕೆಲಸವೂ ನನಗೇ ಬಂತು.

ಎದುರು ಕಕ್ಷಿಯ ವಕೀಲರು ವಯಸ್ಸಾದವರು, ಮೃದುಮಾತಿನವರು. ಪಾಟೀಸವಾಲಿಗೆ ಎದ್ದು ನಿಂತು, "ಗಡಿಯಲ್ಲಿ ಮರ ಏನಾದರೂ ಉಂಟೆ?" ಎಂದು ಕೇಳಿದರು. "ಇಲ್ಲ ಸ್ವಾಮಿ" ಎಂದೆ. ಅವರು ಒಂದು ಹಳೆಯ ಕಾಗದವನ್ನು ನನ್ನ ಮುಂದೆ ಹಿಡಿದು, "ಇದು ಯಾರ ಕೈಬರಹ?" ಎಂದರು. ನನ್ನದೇ. ನಾಲ್ಕು ವರ್ಷ ಮುಂಚೆ ದೊಡ್ಡಮ್ಮನ ಪರವಾಗಿ ಪುರಸಭೆಗೆ ನಾನೇ ಬರೆದ ಅರ್ಜಿ. ಅದರಲ್ಲಿ, ಗಡಿಯ ಮೇಲೆ ನಮ್ಮ ಹಲಸಿನ ಮರವಿದೆಯೆಂದು ಸ್ಪಷ್ಟವಾಗಿ ಬರೆದಿತ್ತು. "ಇಲ್ಲಿ ಇದೆ ಎನ್ನುತ್ತೀರಿ, ಅಲ್ಲಿ ಇಲ್ಲ ಎನ್ನುತ್ತೀರಿ. ಈ ಎರಡರಲ್ಲಿ ಯಾವುದು ಸುಳ್ಳು?" ನಾನು ತೊದಲಿ, "ಎರಡೂ ನಿಜ ಸ್ವಾಮಿ" ಎಂದೆ. ಹಿಂದೆ ಕುಳಿತಿದ್ದವರೆಲ್ಲ ನಕ್ಕರು. ವಕೀಲರು ನಗಲಿಲ್ಲ, "ಇಷ್ಟು ಸಾಕು" ಎಂದು ಕುಳಿತುಬಿಟ್ಟರು.

ನಿಜವಾಗಿಯೂ ಎರಡೂ ನಿಜವೇ ಆಗಿದ್ದವು. 1966ರ ಮಳೆಗಾಲದಲ್ಲಿ ಆ ಮರ ಬುಡಮೇಲಾಗಿ ಬಿದ್ದುಹೋಗಿತ್ತು. "ಮರ ಯಾವಾಗ ಬಿತ್ತು?" ಎಂದು ನಮ್ಮ ವಕೀಲರು ಮರುವಿಚಾರಣೆಯಲ್ಲಿ ಒಂದು ಪ್ರಶ್ನೆ ಕೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವರಿಗೆ ಆ ದಿನ ಇನ್ನೊಂದು ಕೋರ್ಟಿನಲ್ಲಿ ಕೆಲಸವಿತ್ತು, ಕೇಳಲಿಲ್ಲ. ನನಗಾದರೋ, ಕೇಳದೆ ಬಾಯಿ ಬಿಡಬಾರದೆಂಬ ಅಂಜಿಕೆ. ತೀರ್ಪಿನಲ್ಲಿ ನನ್ನ ಸಾಕ್ಷ್ಯ 'ಪರಸ್ಪರ ವಿರುದ್ಧ'ವಾದದ್ದರಿಂದ ನಂಬಲರ್ಹವಲ್ಲವೆಂದು ಒಂದು ವಾಕ್ಯ ಬಂತು. ನೆಲ ಹೋಯಿತು. ಹೋದದ್ದಕ್ಕೆ ನನ್ನ ಮಾತೊಂದೇ ಕಾರಣವಲ್ಲ, ದಾಖಲೆಗಳೂ ನಮ್ಮ ಕಡೆಗೆ ಅಷ್ಟು ಗಟ್ಟಿಯಾಗಿರಲಿಲ್ಲ. ಆದರೂ ಆ ಎರಡು ಪದ ಅಂದು ನನ್ನ ಬೆನ್ನು ಹತ್ತಿದವು, ಇನ್ನೂ ಬಿಟ್ಟಿಲ್ಲ. ಅಂದಿನಿಂದ 'ವಿರುದ್ಧ' ಎಂಬ ಮಾತು ಎಲ್ಲಿ ಕಂಡರೂ ಒಂದು ಗಳಿಗೆ ನಿಂತು ನೋಡುವುದು ನನಗೆ ಅಭ್ಯಾಸವಾಗಿದೆ.

ನೋಡಿದರೆ, ಈ ಮಾತು ನಮ್ಮ ನಿತ್ಯದ ಬದುಕಿನಲ್ಲಿ ಎಷ್ಟು ಮನೆಗಳನ್ನು ಹೊಕ್ಕಿದೆಯೆಂದು ಆಶ್ಚರ್ಯವಾಗುತ್ತದೆ. ಶಾಲೆಯ ಹುಡುಗ 'ವಿರುದ್ಧ ಪದ ಬರೆಯಿರಿ' ಎಂಬ ಪ್ರಶ್ನೆಗೆ ಸಿಹಿ-ಕಹಿ ಎಂದು ಬರೆಯುತ್ತಾನೆ. ವೈದ್ಯರು ಹಾಲಿನೊಡನೆ ಮೀನು ವಿರುದ್ಧಾಹಾರವೆನ್ನುತ್ತಾರೆ. ಇದು ಚರಕಸಂಹಿತೆಯಷ್ಟು ಹಳೆಯ ಮಾತು. ಶಾಸನಸಭೆಯಲ್ಲಿ ವಿರೋಧ ಪಕ್ಷವಿದೆ. ಸಹಕಾರ ಸಂಘದ ಚುನಾವಣೆಯಲ್ಲಿ ಒಬ್ಬರೇ ನಾಮಪತ್ರ ಕೊಟ್ಟರೆ 'ಅವಿರೋಧವಾಗಿ ಆಯ್ಕೆ'ಯಾದರೆಂದು ಪತ್ರಿಕೆಯಲ್ಲಿ ಬರುತ್ತದೆ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯಕ್ಕೂ ಅವಿರೋಧಾಧ್ಯಾಯವೆಂದೇ ಹೆಸರು. ಅಲ್ಲಿ ವೇದಾಂತದ ಮಾತಿಗೆ ಸ್ಮೃತಿಯೊಡನೆಯೂ ಯುಕ್ತಿಯೊಡನೆಯೂ ವಿರೋಧವಿಲ್ಲವೆಂದು ತೋರಿಸುವುದಕ್ಕೆ ನೂರಾರು ಸೂತ್ರ ಬೇಕಾದವು. ಇಲ್ಲಿ ಎದುರಾಳಿ ಸಂಜೆಯೊಳಗೆ ಹೆಸರು ಹಿಂದಕ್ಕೆ ತೆಗೆದುಕೊಂಡರೆ ಸಾಕು! ಪಂಚಾಂಗದಲ್ಲಿಯೂ ಈ ಮಾತಿದೆ. ಅರವತ್ತು ಸಂವತ್ಸರಗಳಲ್ಲಿ ಇಪ್ಪತ್ತಮೂರನೆಯದು ವಿರೋಧಿ, ನಲವತ್ತೈದನೆಯದು ವಿರೋಧಿಕೃತು. ವಿರೋಧಿಯ ಮಾತನ್ನು ಮುಂದೆ ಮತ್ತೆ ಎತ್ತಬೇಕಾಗುತ್ತದೆ.

ಈ ಪದದ ಹುಟ್ಟು ನೋಡಿ. ಇಂಗ್ಲಿಷಿನವರು ಕಾಂಟ್ರಡಿಕ್ಷನ್ ಎನ್ನುವ ಮಾತು ಲ್ಯಾಟಿನ್ನಿನಿಂದ ಬಂದದ್ದು. 'ಎದುರಾಗಿ ನುಡಿಯುವುದು' ಎಂದು ಅರ್ಥ. ಅಂದರೆ ಅದು ಬಾಯಿಯ ವ್ಯವಹಾರ. ನಮ್ಮ ವಿರೋಧ ಹಾಗಲ್ಲ. ರುಧ್ ಎಂಬ ಧಾತುವಿನಿಂದ ಬಂದ ಅದು ನಿರೋಧ, ಅವರೋಧ, ಪ್ರತಿರೋಧಗಳ ಒಡಹುಟ್ಟು. ದಾರಿಗೆ ಅಡ್ಡ ನಿಲ್ಲುವುದು, ತಡೆಯುವುದು ಎಂದು ಅದರ ಮೂಲಾರ್ಥ. ತನ್ನ ಮಾತಿಗೆ ತಾನೇ ಎದುರಾಗುವುದಕ್ಕೆ ಶಾಸ್ತ್ರಕಾರರು ಇನ್ನೊಂದು ಹೆಸರಿಟ್ಟರು: ವದತೋವ್ಯಾಘಾತ. ಆಡುತ್ತಾ ಆಡುತ್ತಾ ತನಗೇ ಪೆಟ್ಟು ಕೊಟ್ಟುಕೊಳ್ಳುವುದು. 'ನನ್ನ ತಾಯಿ ಬಂಜೆ' ಎನ್ನುವವನೂ, 'ನಾನು ಮೂಕ' ಎಂದು ಕೂಗಿ ಹೇಳುವವನೂ ಅದಕ್ಕೆ ಉದಾಹರಣೆ. ಚೀನೀಯರ ಪದ ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು. ಅವರು ವಿರೋಧಕ್ಕೆ 'ಮಾವೊದುನ್' ಎನ್ನುತ್ತಾರೆ, ಅಕ್ಷರಶಃ ಈಟಿ-ಗುರಾಣಿ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಹಾನ್ ಫೇ ಎಂಬ ರಾಜನೀತಿಜ್ಞನ ಗ್ರಂಥದಲ್ಲಿ ಇದರ ಕಥೆಯಿದೆ. ಒಬ್ಬ ವ್ಯಾಪಾರಿ ಸಂತೆಯಲ್ಲಿ ಗುರಾಣಿಯನ್ನು ಎತ್ತಿ ಹಿಡಿದು, ಇದನ್ನು ತೂರಿ ಹೋಗುವ ಆಯುಧವೇ ಇಲ್ಲವೆಂದನಂತೆ; ಆಮೇಲೆ ಈಟಿಯನ್ನು ಎತ್ತಿ, ಇದು ತೂರದ ವಸ್ತುವೇ ಇಲ್ಲವೆಂದನಂತೆ. ಪಕ್ಕದಲ್ಲಿದ್ದವನು, ಹಾಗಾದರೆ ನಿನ್ನ ಈಟಿಯಿಂದ ನಿನ್ನ ಗುರಾಣಿಯನ್ನೇ ತಿವಿದರೆ ಏನಾಗುತ್ತದಪ್ಪ ಎಂದು ಕೇಳಿದ. ವ್ಯಾಪಾರಿ ಸುಮ್ಮನಾದ. 1937ರಲ್ಲಿ ಮಾವೊ ಬರೆದ ಪ್ರಸಿದ್ಧ ಪ್ರಬಂಧದ ಹೆಸರಿನಲ್ಲಿ ಇರುವುದೂ ಈ ಈಟಿ-ಗುರಾಣಿಯೇ. ಹೆಗೆಲ್, ಮಾರ್ಕ್ಸ್ ಅವರ ದಾರಿಯಲ್ಲಿ ಬಂದ ಈ ಅರ್ಥಕ್ಕೆ ನಮ್ಮವರು 'ವೈರುಧ್ಯ' ಎಂಬ ಪದವನ್ನು ರೂಢಿಗೆ ತಂದರು. ಆ ಸುದೀರ್ಘ ಚರ್ಚೆ ಇಲ್ಲಿ ಬೇಡ.

ಅಚ್ಚಗನ್ನಡದಲ್ಲಿ ಇದಕ್ಕೆ ಏನನ್ನುತ್ತೇವೆ? ನನಗೆ ತೋಚಿದ ಮಟ್ಟಿಗೆ, ನಮ್ಮ ಹಳ್ಳಿಯವರಿಗೆ ಮಾತಿಗೂ ಮಾತಿಗೂ ಬರುವ ವಿರೋಧ ಅಂಥ ದೊಡ್ಡ ಅಪರಾಧವಲ್ಲ. 'ಆಗೊಂದು ಮಾತು, ಈಗೊಂದು ಮಾತು' ಎಂದು ಮುಖ ಸಿಂಡರಿಸಿ ಬಿಟ್ಟುಬಿಡುತ್ತಾರೆ. ಅವರ ನಿಜವಾದ ಕೋಪ ಮಾತಿಗೂ ನಡತೆಗೂ ಇರುವ ವಿರೋಧದ ಮೇಲೆ. 'ಹೇಳೋದು ಆಚಾರ, ತಿನ್ನೋದು ಬದನೆಕಾಯಿ' ಎಂಬ ಗಾದೆಯಲ್ಲಿ ತರ್ಕವಿಲ್ಲ, ಮನುಷ್ಯನ ಪರೀಕ್ಷೆಯಿದೆ. ನ್ಯಾಯಾಲಯ ಪರೀಕ್ಷಿಸುವುದು ಮೊದಲನೆಯದನ್ನು, ಊರು ಪರೀಕ್ಷಿಸುವುದು ಎರಡನೆಯದನ್ನು. ನಾನು ಊರಿನ ಪರೀಕ್ಷೆಯಲ್ಲಿ ಪಾಸಾಗಿ ಕೋರ್ಟಿನ ಪರೀಕ್ಷೆಯಲ್ಲಿ ಫೇಲಾದವನು.

ಕೆಲವು ವರ್ಷಗಳ ಮೇಲೆ ತರ್ಕಶಾಸ್ತ್ರ ಓದುವ ಅವಕಾಶ ಬಂದಾಗ, ನನ್ನ ಪರವಾಗಿ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಒಬ್ಬರು ವಾದ ಮಾಡಿಟ್ಟಿದ್ದಾರೆಂದು ತಿಳಿದು ಹಿಗ್ಗಿದೆ. ಅರಿಸ್ಟಾಟಲನು ತನ್ನ ತತ್ತ್ವಮೀಮಾಂಸೆಯ ನಾಲ್ಕನೆಯ ಪುಸ್ತಕದಲ್ಲಿ ವಿರೋಧದ ನಿಯಮವನ್ನು ಹೇಳುತ್ತಾನೆ. ಒಂದು ಧರ್ಮ ಒಂದು ವಸ್ತುವಿನಲ್ಲಿ ಇದೆಯೆಂದೂ ಇಲ್ಲವೆಂದೂ ಹೇಳುವುದು ಸಾಧ್ಯವಿಲ್ಲ. ಆದರೆ ಅವನು ಅಲ್ಲಿಗೆ ನಿಲ್ಲಿಸುವುದಿಲ್ಲ: ಅದೇ ವಸ್ತುವಿನಲ್ಲಿ, ಅದೇ ಕಾಲದಲ್ಲಿ, ಅದೇ ದೃಷ್ಟಿಯಿಂದ ಎಂದು ಒಂದೊಂದಾಗಿ ಕಟ್ಟು ಹಾಕುತ್ತಾನೆ, ಮಾತಿನ ಕುತರ್ಕಗಳನ್ನು ತಡೆಯಲು ಬೇಕಾದ ಇನ್ನೂ ಎಷ್ಟು ಕಟ್ಟುಗಳುಂಟೋ ಅವೂ ಸೇರಲಿ ಎನ್ನುತ್ತಾನೆ. 'ಅದೇ ಕಾಲದಲ್ಲಿ' ಎಂಬ ಒಂದು ಕಟ್ಟು ಸಾಕಾಗಿತ್ತು ನನಗೆ! ಈ ನಿಯಮವನ್ನೇ ಒಪ್ಪದವನ ಗತಿಯೇನು? ಅವನು ಅರ್ಥವುಳ್ಳ ಒಂದು ಮಾತನ್ನಾಡಿದರೆ ಸಾಕು, ಅವನು ನಿಯಮವನ್ನು ಒಪ್ಪಿದಂತೆಯೇ. ಏನೂ ಆಡದಿದ್ದರೆ ಅವನು ಒಂದು ಗಿಡಕ್ಕೆ ಸಮಾನನೆಂದು ಅರಿಸ್ಟಾಟಲನ ತೀರ್ಮಾನ. ಕಟಕಟೆಯಲ್ಲಿ ಮಾತು ಹೊರಡದೆ ನಿಂತ ನಾನು ಆ ಹೊತ್ತಿನಲ್ಲಿ ಹಲಸಿನ ಗಿಡವೇ ಆಗಿದ್ದೆನೆಂದು ಕಾಣುತ್ತದೆ.

ಅವನು ಕಲಿಸಿದ ಇನ್ನೊಂದು ಭೇದ ಕನ್ನಡದಲ್ಲಿ ಮಸುಕಾಗಿಬಿಟ್ಟಿದೆ. ಬಿಳುಪಿಗೆ ಕಪ್ಪು ಎದುರು. ಬಿಳುಪಿಗೆ 'ಬಿಳುಪಲ್ಲದ್ದು' ಎಂಬುದೂ ಎದುರು. ಇವೆರಡೂ ಒಂದೇ ಅಲ್ಲ. ಗೋಡೆ ಬಿಳಿಯದೂ ಅಲ್ಲ, ಕರಿಯದೂ ಅಲ್ಲ ಎನ್ನಬಹುದು, ಬೂದುಬಣ್ಣದ್ದಿರಬಹುದು. ಆದರೆ ಬಿಳಿಯದೂ ಅಲ್ಲ, ಬಿಳಿಯದಲ್ಲದ್ದೂ ಅಲ್ಲ ಎಂದರೆ ಮಾತು ಕೆಟ್ಟಿತು. ನಾವು ಎರಡಕ್ಕೂ 'ವಿರುದ್ಧ' ಎಂದೇ ಹೇಳುವುದರಿಂದ, ಮಿತ್ರನಲ್ಲದವನು ಶತ್ರುವೆಂದು ಕುಟುಂಬದಲ್ಲಿಯೂ ರಾಜಕೀಯದಲ್ಲಿಯೂ ಸುಲಭವಾಗಿ ಎಣಿಸಿಬಿಡುತ್ತೇವೆ. ಶಾಲೆಯ ವಿರುದ್ಧ ಪದಗಳ ಪಟ್ಟಿ ಇದಕ್ಕೆ ಸ್ವಲ್ಪ ಹೊಣೆಯೋ ಏನೋ.

ಅರಿಸ್ಟಾಟಲನು ಹಾಕಿದ ಕಟ್ಟುಗಳಲ್ಲಿ 'ಅದೇ ದೃಷ್ಟಿಯಿಂದ' ಎಂಬುದನ್ನೇ ಹಿಡಿದು ಒಂದು ದರ್ಶನವನ್ನೇ ಬೆಳೆಸಿದವರು ನಮ್ಮ ಜೈನಾಚಾರ್ಯರು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ, ಪಾರ್ಶ್ವನಾಥ ಬಸದಿಯಲ್ಲಿ, 1129ರ ಮಲ್ಲಿಷೇಣ ಪ್ರಶಸ್ತಿಯೆಂಬ ದೊಡ್ಡ ಶಾಸನವಿದೆ. ಅದರಲ್ಲಿ ಸಮಂತಭದ್ರ, ಅಕಲಂಕ ಮೊದಲಾದ ವಾದಿಗಳ ಕೀರ್ತನೆಯುಂಟು. ಇವರ ಸ್ಯಾದ್ವಾದವನ್ನು ಶಂಕರಾಚಾರ್ಯರು ಸೂತ್ರಭಾಷ್ಯದಲ್ಲಿ ಕಟುವಾಗಿ ಖಂಡಿಸಿದ್ದಾರೆ. ಒಂದೇ ವಸ್ತುವಿನಲ್ಲಿ ಇರುವಿಕೆಯೂ ಇಲ್ಲದಿರುವಿಕೆಯೂ ಒಟ್ಟಿಗೆ ಇರಲಾರವು, ಶೀತವೂ ಉಷ್ಣವೂ ಒಂದೆಡೆ ಇರಲಾರದಂತೆ, ಎಂಬುದು ಅವರ ಆಕ್ಷೇಪ. ಜೈನರ ಉತ್ತರ: ನಾವು ಬರಿದೆ 'ಇದೆ' ಎನ್ನುವುದಿಲ್ಲ, 'ಒಂದು ದೃಷ್ಟಿಯಿಂದ ಇದೆ' ಎನ್ನುತ್ತೇವೆ, ಆ 'ಸ್ಯಾತ್' ಎಂಬ ಮಾತನ್ನು ಬಿಟ್ಟು ಓದಿದರೆ ವಿರೋಧ ಓದುಗನದು, ನಮ್ಮದಲ್ಲ. ಸಮಂತಭದ್ರನು ಕೊಡುವ ದೃಷ್ಟಾಂತ ಬಹಳ ಮನೋಹರವಾದದ್ದು. ಅಕ್ಕಸಾಲಿಗನು ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡುತ್ತಿದ್ದಾನೆ. ಕೊಡ ಬೇಕೆಂದು ಬಂದವನಿಗೆ ದುಃಖ. ಕಿರೀಟ ಬೇಕೆಂದು ಬಂದವನಿಗೆ ಸಂತೋಷ. ಚಿನ್ನ ಬೇಕೆಂದವನಿಗೆ ಎರಡೂ ಇಲ್ಲ. ವಸ್ತು ಒಂದೇ, ಗಳಿಗೆಯೂ ಒಂದೇ. ಶಂಕರರ ಯುಕ್ತಿ ಬಲವಾದದ್ದೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಈ ಅಕ್ಕಸಾಲೆಯ ಮುಂದೆ ಅದು ಸ್ವಲ್ಪ ಅವಸರದ್ದಾಗಿ ತೋರುತ್ತದೆ.

ದಾರ್ಶನಿಕರಿಗೆ ವಿರೋಧ ವಾದದ ವಿಷಯವಾದರೆ, ಮೀಮಾಂಸಕರಿಗೆ ಅದು ನಿತ್ಯದ ಕಷ್ಟ. ವೇದದ ಪ್ರತಿಯೊಂದು ವಿಧಿಯೂ ಪ್ರಮಾಣ. ಹಾಗಿರುವಾಗ ಎರಡು ವಿಧಿಗಳು ಹೊಡೆದಾಡಿದರೆ? ಅತಿರಾತ್ರವೆಂಬ ಯಾಗದಲ್ಲಿ ಷೋಡಶಿ ಎಂಬ ಸೋಮಪಾತ್ರೆಯನ್ನು ತೆಗೆದುಕೊಳ್ಳಬೇಕೆಂದು ಒಂದು ಶ್ರುತಿ, ತೆಗೆದುಕೊಳ್ಳಕೂಡದೆಂದು ಇನ್ನೊಂದು. ಎರಡೂ ಸಮಬಲ. ಕೊನೆಗೆ ಇಷ್ಟವಿದ್ದಂತೆ ಮಾಡಬಹುದೆಂದು ವಿಕಲ್ಪವನ್ನು ಒಪ್ಪಿದರು. ಆದರೆ ವಿಕಲ್ಪಕ್ಕೆ ಎಂಟು ದೋಷಗಳುಂಟೆಂದು ಎಣಿಸಿ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದಕ್ಕೆ ಕೈ ಹಾಕಬೇಕೆಂದೂ ವಿಧಿಸಿದರು. ಇನ್ನೊಂದು ಪ್ರಸಂಗ ಇದಕ್ಕಿಂತ ರುಚಿಕರ. ಸೋಮಯಾಗದ ಚಪ್ಪರದಲ್ಲಿ ಅತ್ತಿಮರದ ಕಂಬವೊಂದನ್ನು ನೆಡುತ್ತಾರೆ. ಅದನ್ನು ಮುಟ್ಟಿಕೊಂಡು ಸಾಮ ಹಾಡಬೇಕೆಂದು ಶ್ರುತಿ. ಅದಕ್ಕೆ ಪೂರ್ತಿಯಾಗಿ ಬಟ್ಟೆ ಸುತ್ತಬೇಕೆಂದು ಸ್ಮೃತಿ. ಪೂರ್ತಿ ಸುತ್ತಿದರೆ ಮುಟ್ಟುವುದು ಹೇಗೆ? ಶ್ರುತಿಯೇ ಗೆಲ್ಲಬೇಕೆಂದು ಜೈಮಿನಿಯ ಸೂತ್ರ. ಹಾಗಾದರೆ ಬಟ್ಟೆಯ ಮಾತು ಬಂದದ್ದೆಲ್ಲಿಂದ? ಭಾಷ್ಯಕಾರ ಶಬರಸ್ವಾಮಿ ಸಂಕೋಚವಿಲ್ಲದೆ ಹೇಳುತ್ತಾನೆ: ಬಟ್ಟೆಯ ಮೇಲಿನ ಆಸೆಯಿಂದ ಯಾರೋ ಋತ್ವಿಜರು ಹಾಗೆ ಸುತ್ತಿಸಿರಬೇಕು! ಕುಮಾರಿಲಭಟ್ಟನಿಗೆ ಈ ಉದಾಹರಣೆ ಸರಿದೋರಲಿಲ್ಲ. ಆದರೂ ಒಂದು ವಿರೋಧದ ಹಿಂದೆ ಯಾರ ಲಾಭವಿದೆಯೆಂದು ಹುಡುಕುವ ಈ ಕಣ್ಣನ್ನು ಮೆಚ್ಚದೆ ಇರಲಾಗದು.

ಈ ಯಜ್ಞಶಾಲೆಯ ತರ್ಕವೇ ಮುಂದೆ ನ್ಯಾಯಸ್ಥಾನವನ್ನು ಹೊಕ್ಕಿತು. ಹೊಗಿಸಿದವರಲ್ಲಿ ಅಗ್ರಗಣ್ಯನು ನಮ್ಮವನೇ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ. 1076ರಿಂದ 1126ರ ವರೆಗೆ ಆಳಿದ ಆ ಅರಸನ ರಾಜಧಾನಿ ಇಂದಿನ ಬಸವಕಲ್ಯಾಣ. ಎರಡು ಸ್ಮೃತಿಗಳಿಗೆ ವಿರೋಧ ಬಂದರೆ ವ್ಯವಹಾರದಲ್ಲಿ ನ್ಯಾಯವೇ ಬಲವತ್ತರವೆಂದು ಯಾಜ್ಞವಲ್ಕ್ಯನು ಹೇಳಿದ್ದ. ಮಿತಾಕ್ಷರೆಯಲ್ಲಿ ವಿಜ್ಞಾನೇಶ್ವರನು ಅದನ್ನು ಬಿಡಿಸುತ್ತಾನೆ. ಮೊದಲು ಎರಡು ವಚನಗಳ ವಿಷಯ ಬೇರೆಬೇರೆಯೇ ನೋಡು. ಒಂದು ಸಾಮಾನ್ಯ ವಿಧಿ, ಇನ್ನೊಂದು ಅಪವಾದವೇ ನೋಡು. ಧರ್ಮಶಾಸ್ತ್ರಕ್ಕೂ ಅರ್ಥಶಾಸ್ತ್ರಕ್ಕೂ ವಿರೋಧ ಬಂದಾಗ ಧರ್ಮಶಾಸ್ತ್ರವೇ ಮೇಲು ಎಂಬುದಕ್ಕೆ ಅವನು ಕೊಡುವ ಉದಾಹರಣೆ ಇಂದಿಗೂ ಹೊಸದು. ಚಿನ್ನ, ಭೂಮಿಗಳಿಗಿಂತ ಮಿತ್ರಲಾಭವೇ ರಾಜನಿಗೆ ಮೇಲೆಂದು ಒಂದು ವಚನ. ಕ್ರೋಧ, ಲೋಭಗಳನ್ನು ಬಿಟ್ಟು ತೀರ್ಪು ಹೇಳಬೇಕೆಂದು ಇನ್ನೊಂದು. ಒಬ್ಬನ ಪರವಾಗಿ ತೀರ್ಪು ಹೇಳಿದರೆ ರಾಜನಿಗೆ ಒಬ್ಬ ಮಿತ್ರ ದೊರೆಯುತ್ತಾನೆ. ಆದರೆ ನ್ಯಾಯ ಇನ್ನೊಬ್ಬನ ಕಡೆಗಿದೆ. ಅಲ್ಲಿ ಮಿತ್ರನನ್ನು ಬಿಡಬೇಕು.

ನಮ್ಮ ಕಾಲದ ಕಾನೂನಿಗೂ ಈ ಎಚ್ಚರ ಇಲ್ಲದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 145ನೆಯ ಕಲಮು, ಹಿಂದಿನ ಬರಹದಿಂದ ಸಾಕ್ಷಿಯ ಮಾತನ್ನು ಮುರಿಯುವುದಕ್ಕೆ ಮುಂಚೆ, ಆ ಬರಹದ ಭಾಗವನ್ನು ಅವನ ಗಮನಕ್ಕೆ ತರಬೇಕೆಂದು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿ ಅದು 148ನೆಯ ಕಲಮಾಗಿದೆ. ನನ್ನ ಗಮನಕ್ಕೆ ತಂದರು, ಸುಳ್ಳು ಹೇಳಬಾರದು. ವಿವರಿಸುವ ಧೈರ್ಯವನ್ನು ಮಾತ್ರ ಕಾನೂನು ಕೊಡಲಾರದಷ್ಟೆ. 1959ರಲ್ಲಿ ಸರ್ವೋಚ್ಚ ನ್ಯಾಯಾಲಯ ತಹಸೀಲ್ದಾರ್ ಸಿಂಗ್ ಎಂಬವನ ಮೊಕದ್ದಮೆಯಲ್ಲಿ ಇದನ್ನು ಕೂದಲು ಸೀಳಿದಂತೆ ವಿಚಾರಿಸಿತು. ಕೊಲೆ ನಡೆದಲ್ಲಿ ಗ್ಯಾಸ್‌ಲೈಟು ಉರಿಯುತ್ತಿತ್ತೆಂದು ಸಾಕ್ಷಿ ಕೋರ್ಟಿನಲ್ಲಿ ಹೇಳಿದ; ಪೊಲೀಸರ ಮುಂದೆ ಆ ದೀಪದ ಮಾತೇ ಇರಲಿಲ್ಲ. ಹೇಳದೆ ಬಿಟ್ಟದ್ದು ವಿರೋಧವೆ? ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸುಬ್ಬರಾವ್ ಅವರು, ಬರಿಯ ಬಿಡುವಿಕೆ ವಿರೋಧವಲ್ಲ, ಎರಡು ಹೇಳಿಕೆಗಳು ಒಟ್ಟಿಗೆ ನಿಲ್ಲಲಾರದಂತಿದ್ದರೆ ಮಾತ್ರ ವಿರೋಧವೆಂದರು. ತಿವಿದವನು ಉತ್ತರದ ಓಣಿಯಲ್ಲಿ ಓಡಿದನೆಂದು ಅಲ್ಲಿ, ದಕ್ಷಿಣದ ಓಣಿಯಲ್ಲಿ ಓಡಿದನೆಂದು ಇಲ್ಲಿ ಹೇಳಿದರೆ ಅದು ವಿರೋಧ. ಹೀಗೆ ಅಳತೆ ಮಾಡಿ ಹೇಳಿ ಒಂಬತ್ತು ವರ್ಷವಾದ ಮೇಲೆ ನಾನು ಕಟಕಟೆ ಹತ್ತಿದ್ದು.

ಇನ್ನು ವಿರೋಧಾಭಾಸ. ಇದು ಅಲಂಕಾರಶಾಸ್ತ್ರದ ಪದ. ದಂಡಿಯಂಥವರು ವಿರೋಧವೆಂದೇ ಕರೆದ ಅಲಂಕಾರಕ್ಕೆ ಈ ಹೆಸರು ನಿಂತಿತು. ಮೇಲೆ ನೋಟಕ್ಕೆ ವಿರೋಧ, ಒಳಗೆ ಹೊಕ್ಕರೆ ವಿರೋಧವಿಲ್ಲ ಎಂದರ್ಥ. ಆಭಾಸವೆಂದರೆ ತೋರಿಕೆ. ನನ್ನ ಹಲಸಿನ ಮರದ ಮಾತು ಶುದ್ಧವಾದ ವಿರೋಧಾಭಾಸ. ಆದರೆ ಇತ್ತೀಚೆಗೆ ಪತ್ರಿಕೆಗಳಲ್ಲಿ ಈ ಪದ ತಲೆಕೆಳಗಾಗಿದೆ. ಗೋದಾಮಿನಲ್ಲಿ ಅಕ್ಕಿ ಮುಗ್ಗುತ್ತಿದೆ, ಪಕ್ಕದ ಕೇರಿಯಲ್ಲಿ ಮಕ್ಕಳು ಹಸಿದಿವೆ: 'ಎಂಥ ವಿರೋಧಾಭಾಸ!' ಎಂದು ಬರೆಯುತ್ತಾರೆ. ಸ್ವಾಮಿ, ಇದರಲ್ಲಿ ಆಭಾಸವೆಲ್ಲಿದೆ? ಒಳಹೊಕ್ಕು ನೋಡಿದರೆ ಕರಗುವ ವಿರೋಧವೆ ಇದು? ನಾನು ಪದಗಳ ಮಡಿವಂತನಲ್ಲ. ರೂಢಿ ಬಂದ ಹಾಗೆ ಪದ ತಿರುಗುವುದು ಸಹಜ. ಆದರೆ ಈ ತಿರುವಿನಲ್ಲಿ ಒಂದು ಬೆಲೆಯುಳ್ಳ ಭೇದವನ್ನು ಕಳೆದುಕೊಳ್ಳುತ್ತಿದ್ದೇವೆಂದು ಸಂಕಟವಾಗುತ್ತದೆ.

ಏಕೆಂದರೆ ಈ ದೇಶದ ಅತಿ ದೊಡ್ಡ ವಿರೋಧವನ್ನು ಹೆಸರಿಟ್ಟು ಕರೆದವರು ಅದನ್ನು ತೋರಿಕೆಯೆಂದು ಹೇಳಲಿಲ್ಲ. 1949ರ ನವೆಂಬರ್ 25ರಂದು, ಸಂವಿಧಾನ ಅಂಗೀಕಾರವಾಗುವುದಕ್ಕೆ ಒಂದು ದಿನ ಮುಂಚೆ, ಡಾ. ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಮಾತನಾಡುತ್ತಾ, 1950ರ ಜನವರಿ 26ರಂದು ನಾವು ವಿರೋಧಗಳ ಬಾಳಿಗೆ ಕಾಲಿಡಲಿದ್ದೇವೆ ಎಂಬ ಅರ್ಥದ ಮಾತನ್ನು ಆಡಿದರು. ರಾಜಕೀಯದಲ್ಲಿ ಒಬ್ಬನಿಗೆ ಒಂದು ಮತ, ಒಂದು ಮತಕ್ಕೆ ಒಂದೇ ಬೆಲೆ. ಸಾಮಾಜಿಕ, ಆರ್ಥಿಕ ಜೀವನದಲ್ಲಿ ಆ ಒಂದೇ ಬೆಲೆಯನ್ನು ನಿರಾಕರಿಸುತ್ತಲೇ ಇರುವುದು. ಇದನ್ನು ಆದಷ್ಟು ಬೇಗ ತೊಡೆಯದಿದ್ದರೆ, ಅಸಮತೆಯಿಂದ ನೊಂದವರು ಈ ಕಟ್ಟಡವನ್ನೇ ಸಿಡಿಸಿಬಿಟ್ಟಾರೆಂದು ಎಚ್ಚರಿಸಿದರು. ಅರಿಸ್ಟಾಟಲನ ಕಟ್ಟುಗಳನ್ನೆಲ್ಲ ಇದಕ್ಕೆ ಹಾಕಿ ನೋಡಿ. ಅದೇ ಮನುಷ್ಯ, ಅದೇ ದಿನ. ಬೆಳಿಗ್ಗೆ ಮತಗಟ್ಟೆಯಲ್ಲಿ ಎಲ್ಲರೊಡನೆ ಒಂದೇ ಸಾಲಿನಲ್ಲಿ ನಿಂತವನು ಸಂಜೆ ಊರ ಬಾವಿಯ ಹತ್ತಿರ ದೂರ ನಿಲ್ಲಬೇಕು. 'ದೃಷ್ಟಿ ಬೇರೆ, ರಾಜಕೀಯ ಬೇರೆ, ಸಮಾಜ ಬೇರೆ' ಎಂದು ಸ್ಯಾದ್ವಾದದ ನೆರಳು ಹಿಡಿಯುವವರುಂಟು. ಸಮಂತಭದ್ರನ ಅಕ್ಕಸಾಲಿಗನ ಮುಂದೆ ನಿಂತವರು ಮೂವರು. ಇಲ್ಲಿ ನಿಂತಿರುವವನು ಒಬ್ಬನೇ. ಪಂಚಾಂಗ ತೆಗೆದು ನೋಡಿದರೆ ಆ ಭಾಷಣ ನಡೆದ ವರ್ಷ, ಗಣರಾಜ್ಯ ಹುಟ್ಟಿದ ವರ್ಷ, ವಿರೋಧಿ ಸಂವತ್ಸರ. ಜ್ಯೋತಿಷದಲ್ಲಿ ನನಗೆ ನಂಬಿಕೆಯಿಲ್ಲ, ಕಾಕತಾಳೀಯವೆಂದೇ ಇಟ್ಟುಕೊಳ್ಳೋಣ.

ದಾವಾ ಸೋತ ಮೇಲೆ ಬಹುದಿನ ನಾನು ದೊಡ್ಡಮ್ಮನ ಮನೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಅವಳೇ ಹೇಳಿಕಳಿಸಿದಳು. ಹೋದೆ. ಊಟಕ್ಕೆ ಎಲೆ ಹಾಕಿದಳು. ಹುಳಿ ಬಡಿಸುತ್ತಾ, "ಕೋರ್ಟಿನಲ್ಲಿ ಏನು ಕೇಳಿದರೋ ನಿನ್ನ?" ಎಂದಳು. ಮರ ಇದೆಯೋ ಇಲ್ಲವೋ ಎಂದು ಕೇಳಿದರೆಂದೆ. "ನೀನು ಏನಂದೆ?" ಎರಡೂ ನಿಜ ಎಂದೆನೆಂದು ಹೇಳಿದೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ.

"ಸರಿಯಾಗೇ ಹೇಳಿದ್ದೀಯಲ್ಲೋ. ಬಿದ್ದ ಮರಾನ ಬಡಗಿ ಕೈಲಿ ಕೊಯ್ಯಿಸಿದೆ. ಈಗ ನೀನು ಕೂತಿರೋ ಮಣೆ ಅದರದ್ದೇ. ಇನ್ನೊಂದು ಸ್ವಲ್ಪ ಅನ್ನ ಹಾಕಲೇನು?" ಎಂದಳು.